ಹಂಸ ಕಾರಿನ ಐದನೇ ಆವೃತ್ತಿ

ನೀಲಕಂಠ ಹುಯಿಲಗೋಳರು ತಮ್ಮ ಕಾರಿಗೆ ಹೊಸ ಸಾಫ್ಟ್‌ವೇರ್ ಹಾಕಿಕೊಂಡದ್ದು ೨೦೪೧ರ ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ. ಪರದೆಯ ಮೇಲೆ ‘ಐದನೇ ಆವೃತ್ತಿ ಸಿದ್ಧವಾಗಿದೆ’ ಎಂದು ಮೂಡಿತ್ತು. ಅವರು ‘ಒಪ್ಪಿಗೆ’ ಒತ್ತಿ ಒಳಗೆ ಬಂದು, ಅವಲಕ್ಕಿ ತಿಂದು, ಎರಡನೇ ಸಲ ಚಹಾ ಕುಡಿದು ಹೊರಗೆ ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ‘ಇನ್ನು ಮುಂದೆ ನಿಮ್ಮ ಹಂಸ ನಿಮ್ಮ ಕೈಯ ಮಾತನ್ನು ನೇರವಾಗಿ ಕೇಳುತ್ತದೆ’ ಎಂಬ ಸಾಲೊಂದು ಪರದೆಯಲ್ಲಿ ಉಳಿದಿತ್ತು. ಜಾಹೀರಾತಿನವರ ಮಾತು ಎಂದುಕೊಂಡು ಅದನ್ನು ಅಳಿಸಿದರು.

ಮರುದಿನ ಕೆಲಸಕ್ಕೆ ಹೊರಟಾಗ, ಉಣಕಲ್ ಕೆರೆ ದಾಟಿ ವೇಗ ಅರವತ್ತಕ್ಕೆ ಏರುತ್ತಿದ್ದಂತೆ ಕಾರಿನ ಮೂತಿ ಸಣ್ಣಗೆ ಅತ್ತಿತ್ತ ಆಡತೊಡಗಿತು. ಮೊದಲು ಗಾಳಿ ಎಂದುಕೊಂಡರು. ಆಮೇಲೆ ಟೈರು ಎಂದುಕೊಂಡು ಬದಿಗೆ ನಿಲ್ಲಿಸಿ ನಾಲ್ಕನ್ನೂ ಒದ್ದು ನೋಡಿದರು. ಟೈರು ಸರಿಯಾಗಿದ್ದವು. ಮತ್ತೆ ಹೊರಟರೆ ಮತ್ತೆ ಅದೇ. ಹಿಂದೆ ಬರುತ್ತಿದ್ದ ಬೈಕಿನವನೊಬ್ಬ ಪಕ್ಕಕ್ಕೆ ಬಂದು, ಮುಂಜಾನೆಯೇ ಹಾಕಿಕೊಂಡು ಬಂದಿದ್ದೀರಾ ಎಂಬಂತೆ ಮುಖ ನೋಡಿ ಮುಂದೆ ಹೋದ.

ನೀಲಕಂಠರು ಹುಬ್ಬಳ್ಳಿಯ ಐಟಿಐ ಒಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ವಾಹನ ದುರಸ್ತಿ ಕಲಿಸುತ್ತಿದ್ದವರು. ಯಂತ್ರದ ವಿಷಯದಲ್ಲಿ ಅವರ ಮಾತನ್ನು ಜನ ನಂಬುತ್ತಿದ್ದರು. ವಾಯುಗತಿ ಕಂಪನಿ ತಾರಿಹಾಳದ ಆಚೆ ಕಾರ್ಖಾನೆ ತೆರೆದು ಹಂಸ ಎಂಬ ವಿದ್ಯುತ್ ಕಾರನ್ನು ಬಿಟ್ಟಾಗ ಊರಿನಲ್ಲಿ ಮೊದಲು ಕೊಂಡವರಲ್ಲಿ ಅವರೂ ಒಬ್ಬರು. ಅವರ ಮಾತು ಕೇಳಿ ನಲವತ್ತಕ್ಕೂ ಹೆಚ್ಚು ಮಂದಿ ಕೊಂಡಿದ್ದರು. ಹಳೇ ಹುಬ್ಬಳ್ಳಿಯ ರಾಜೇಸಾಬ ನದಾಫ ಎಂಬಾತ ಹದಿನೈದು ವರ್ಷ ಓಡಿಸಿದ ಆಟೋ ಮಾರಿ ದೊಡ್ಡ ಹಂಸ ಕೊಂಡು, ಆರು ಮಕ್ಕಳನ್ನು ಶಾಲೆಗೆ ಬಿಟ್ಟು ತರುವ ಕೆಲಸ ಹಿಡಿದಿದ್ದ. ಅದೂ ನೀಲಕಂಠರ ಭರವಸೆಯ ಮೇಲೆಯೇ.

ಹಂಸದಲ್ಲಿ ಅವರಿಗೆ ಹಿಡಿಸಿದ್ದು ಅದರ ಸ್ಟಿಯರಿಂಗ್. ಹಳೆಯ ಕಾರುಗಳಲ್ಲಿ ಇರುವಂತೆ ಸ್ಟಿಯರಿಂಗ್ ಚಕ್ರಕ್ಕೂ ಕೆಳಗಿನ ಗಾಲಿಗಳಿಗೂ ನಡುವೆ ಕಬ್ಬಿಣದ ಸರಳು ಅದರಲ್ಲಿ ಇರಲಿಲ್ಲ. ಕೈ ಎಷ್ಟು ತಿರುಗಿತೆಂದು ಒಂದು ಪುಟ್ಟ ಸಂವೇದಕ ಅಳೆದು ಕಾರಿನ ಗಣಕಕ್ಕೆ ತಿಳಿಸುತ್ತಿತ್ತು. ಗಣಕ ಅದನ್ನು ತೂಗಿ ನೋಡಿ ಗಾಲಿಯ ಬಳಿಯ ಮೋಟರಿಗೆ ಅಪ್ಪಣೆ ಕೊಡುತ್ತಿತ್ತು. ಕೈಗೂ ಗಾಲಿಗೂ ನಡುವೆ ಒಬ್ಬ ದುಭಾಷಿ ಕೂತಿದ್ದಾನೆ, ಅವನು ಜಾಣ, ನಾವು ತೊದಲಿದರೂ ಸರಿಯಾಗಿಯೇ ಹೇಳುತ್ತಾನೆ ಎಂದು ಅವರು ತರಗತಿಯಲ್ಲಿ ವಿವರಿಸುತ್ತಿದ್ದರು.

ಸೋಮವಾರ ಸಂಜೆಯ ಹೊತ್ತಿಗೆ ಹಂಸ ಮಾಲೀಕರ ಫೋನ್ ಗುಂಪು ಕುದಿಯುತ್ತಿತ್ತು. ಅವಳಿ ನಗರದ ಎರಡು ಸಾವಿರ ಕಾರುಗಳಲ್ಲಿ ಹೆಚ್ಚಿನವರಿಗೆ ಹೊಸ ಆವೃತ್ತಿ ಖುಷಿ ಕೊಟ್ಟಿತ್ತು. ಕಾರು ಚುರುಕಾಗಿದೆ, ಚಾರ್ಜು ಹೆಚ್ಚು ಬರುತ್ತಿದೆ ಎಂದು ಬರೆದಿದ್ದರು. ಮೂವತ್ತೊಂದು ಮಂದಿ ಮಾತ್ರ ಕಾರು ನಡುಗುತ್ತಿದೆ ಎಂದು ದೂರಿದ್ದರು. ಸರ್ವಿಸ್ ಕೇಂದ್ರದವರು ಒಬ್ಬೊಬ್ಬರದೇ ಕಾರನ್ನು ಯಂತ್ರಕ್ಕೆ ಹಚ್ಚಿ ನೋಡಿ, ಏನೂ ದೋಷವಿಲ್ಲ ಎಂಬ ಚೀಟಿ ಕೊಟ್ಟು ಕಳಿಸಿದ್ದರು. ನಾಲ್ಕನೇ ಆವೃತ್ತಿಯನ್ನೇ ವಾಪಸು ಹಾಕಿಕೊಡಿ ಎಂದರೆ, ಅದು ಈಗ ಸಾಧ್ಯವಿಲ್ಲ ಎಂದಿದ್ದರು.

ಕೊಂಡವರು ಕಂಪನಿಗಿಂತ ಹೆಚ್ಚಾಗಿ ನೀಲಕಂಠರಿಗೆ ಫೋನ್ ಮಾಡಿದರು. ಎಲ್ಲರಿಗೂ ಸಮಾಧಾನ ಹೇಳಿ ಫೋನ್ ಇಟ್ಟಾಗ ಹೆಂಡತಿ ಇಂದುಮತಿ, ಅಂಚೆ ಕಚೇರಿಯಿಂದ ಆಗಷ್ಟೇ ಬಂದವರು, ದೂರು ಬರೆದಿಟ್ಟಿದ್ದ ಹಾಳೆಯನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು. ಇತ್ತೀಚೆಗೆ ನಿಮ್ಮ ಅಕ್ಷರ ಇರುವೆ ಸಾಲಿನ ಹಾಗೆ ಆಗಿದೆ, ಓದಲು ಭೂತಗನ್ನಡಿ ಬೇಕು ಎಂದರು. ಅವರು ನಕ್ಕು ಹಾಳೆ ಕಸಿದುಕೊಂಡರು.

ಬುಧವಾರ ಅವರು ಕಾರ್ಖಾನೆಗೆ ಹೋದರು. ಅಲ್ಲಿನ ಕಂಟ್ರೋಲ್ ರೂಮಿನ ಮುಖ್ಯಸ್ಥ ಚನ್ನವೀರ ಮುಳಗುಂದ ಅವರದೇ ಶಿಷ್ಯ. ಐಟಿಐ ಮುಗಿಸಿ, ಡಿಪ್ಲೊಮಾ ಮಾಡಿ, ಆಮೇಲೆ ಕೆಲಸ ಮಾಡುತ್ತಲೇ ಎಂಜಿನಿಯರಾಗಿ ಆ ಕುರ್ಚಿಗೆ ಏರಿದವನು. ಹಂಸವನ್ನು ಅವರಿಗೆ ಮೊದಲು ತೋರಿಸಿದವನೂ ಅವನೇ. ಪ್ರತಿ ಯುಗಾದಿಗೆ ಮನೆಗೆ ಬಂದು ಕಾಲಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದ.

ಕಂಟ್ರೋಲ್ ರೂಮಿನ ಒಂದು ಗೋಡೆ ತುಂಬ ರಾಜ್ಯದ ನಕಾಶೆ ಹೊಳೆಯುತ್ತಿತ್ತು. ಓಡುತ್ತಿರುವ ಒಂದೊಂದು ಹಂಸವೂ ಅದರ ಮೇಲೊಂದು ಹಸಿರು ಚುಕ್ಕೆ. ಚನ್ನವೀರ ಅವರ ಕಾರಿನ ಲೆಕ್ಕಾಚಾರವನ್ನೆಲ್ಲ ಪರದೆಗೆ ತಂದು, ಮೋಟರು ಸರಿ ಇದೆ, ಸಂವೇದಕ ಸರಿ ಇದೆ ಎಂದು ತೋರಿಸಿದ. ಹಾಗಾದರೆ ನಡುಕ ಎಲ್ಲಿಂದ ಬಂತು ಎಂದು ನೀಲಕಂಠರು ಕೇಳಿದಾಗ ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. ಒಂದು ವಾರ ತಾಳಿ, ಮೇಲಿನವರ ಜೊತೆ ಮಾತಾಡುತ್ತಿದ್ದೇನೆ, ಅಲ್ಲಿಯವರೆಗೆ ಜನ ಸೇರಿಸಬೇಡಿ ಎಂದ. ತನ್ನ ಗುರುವಿಗೆ ಅವನು ಹಾಗೆ ಮುಖ ತಪ್ಪಿಸಿ ಮಾತಾಡಿದ್ದು ಅದೇ ಮೊದಲು.

ನೀಲಕಂಠರು ತಾಳಲಿಲ್ಲ. ಕಂಪನಿ ದೋಷವಿಲ್ಲ ಎನ್ನುತ್ತಿದ್ದರೆ ದೋಷವನ್ನು ಎಲ್ಲರೆದುರು ತೋರಿಸಿಯೇ ಬಿಡೋಣ ಎಂದು ಗುಂಪಿಗೆ ಬರೆದರು. ಭಾನುವಾರ ಮುಂಜಾನೆ ಗೋಕುಲ ರಸ್ತೆಯ ಬದಿ, ಮುಚ್ಚಿಹೋದ ಕಾರ್ಖಾನೆಯೊಂದರ ಮೈದಾನದಲ್ಲಿ ಮೂವತ್ತು ಹಂಸಗಳು ಬಂದು ನಿಂತವು. ನಡುಗುವ ಕಾರಿನವರು ಹತ್ತೊಂಬತ್ತು ಮಂದಿ. ಉಳಿದವರು ಏನೂ ತೊಂದರೆ ಇಲ್ಲದೆ ಬೆಂಬಲಕ್ಕೆಂದು ಬಂದವರು. ಅವರ ಮುಂದಾಳು, ಮಾಲೀಕರ ಸಂಘದ ಅಧ್ಯಕ್ಷ ಶ್ರೀಪಾಲ ಕೊಠಾರಿ, ಟಿವಿಯವರನ್ನೂ ಕರೆಸಿದ್ದರು.

ನೀಲಕಂಠರು ತರಗತಿಯಲ್ಲಿ ಪ್ರಯೋಗ ಮಾಡಿಸುವಂತೆಯೇ ಏರ್ಪಾಡು ಮಾಡಿದ್ದರು. ಮೈದಾನದ ಧೂಳಿನ ಮೇಲೆ ಉದ್ದಕ್ಕೂ ಸುಣ್ಣದ ನೇರ ಗೆರೆ. ಕಾರಿನ ಹಿಂಬದಿಗೆ ಒಂದು ನೀರಿನ ಡಬ್ಬಿ ಕಟ್ಟಿ, ಅದರ ತಳಕ್ಕೆ ಮೊಳೆಯಿಂದ ತೂತು. ಕಾರು ಗೆರೆಯ ಪಕ್ಕ ಓಡಿದರೆ ಸುರಿದ ನೀರು ಧೂಳಿನಲ್ಲಿ ಅದರ ದಾರಿಯನ್ನು ಬರೆಯುತ್ತಿತ್ತು. ಮೊದಲು ಅವರೇ ತಮ್ಮ ಕಾರು ಓಡಿಸಿದರು. ನೀರಿನ ಗೆರೆ ಗರಗಸದ ಹಲ್ಲಿನಂತೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ರಾಜೇಸಾಬನ ಕಾರಿನ ಗೆರೆ ಇನ್ನೂ ಒರಟಾಗಿತ್ತು. ಟಿವಿಯವನು ಬಗ್ಗಿ ಅದರ ಚಿತ್ರ ತೆಗೆದ.

ಆಮೇಲೆ ನೀಲಕಂಠರು, ಕಂಪನಿಯವರಿಗೆ ನೆಪ ಉಳಿಯಬಾರದು, ಓಡಿಸುವವರನ್ನು ಬದಲಿಸಿ ಇನ್ನೊಮ್ಮೆ ನೋಡೋಣ ಎಂದರು. ಕೊಠಾರಿಯವರು ಅವರ ಕಾರಿಗೆ ಹತ್ತಿದರು. ಅದೇ ಕಾರು, ಅದೇ ವೇಗ. ನೀರಿನ ಗೆರೆ ದಾರ ಹಿಡಿದಂತೆ ನೆಟ್ಟಗೆ ಬಿತ್ತು.

ನೀಲಕಂಠರು ಕೊಠಾರಿಯವರ ಕಾರಿಗೆ ಹತ್ತಿದರು. ಒಂದು ದಿನವೂ ನಡುಗದ ಕಾರು ಅದು. ಓಡಿಸಿ ಇಳಿದು ಹಿಂದೆ ಬಂದು ನೋಡಿದರೆ ಧೂಳಿನಲ್ಲಿ ಮತ್ತೆ ಗರಗಸದ ಹಲ್ಲು.

ಆಮೇಲಿನ ಒಂದು ಗಂಟೆ ಆ ಮೈದಾನದಲ್ಲಿದ್ದವರು ಯಾರೂ ಮರೆಯುವಂಥದ್ದಲ್ಲ. ಹತ್ತೊಂಬತ್ತು ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಒಬ್ಬೊಬ್ಬರಾಗಿ ಬೇರೆಯವರ ಕಾರು ಹತ್ತಿದರು. ನಡುಕ ಕಾರಿನಲ್ಲಿ ಉಳಿಯಲಿಲ್ಲ. ಇಳಿದವರ ಜೊತೆ ಇಳಿದು, ಹತ್ತಿದವರ ಜೊತೆ ಹತ್ತಿತು. ಹನ್ನೊಂದನೆಯವರ ಹೊತ್ತಿಗೆ ಟಿವಿಯವನು ಕ್ಯಾಮೆರಾ ಕೆಳಗಿಳಿಸಿದ್ದ. ಬ್ಯಾಂಕಿನ ಒಬ್ಬ ಹೆಣ್ಣುಮಗಳು ತನ್ನ ಸರದಿ ಬಂದಾಗ ಒಲ್ಲೆ ಎಂದು ಕಾರಿನ ಬಾಗಿಲು ಹಾಕಿಕೊಂಡು ಕೂತುಬಿಟ್ಟಳು. ರಾಜೇಸಾಬ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಅವು ಯಾರದೋ ಎಂಬಂತೆ ನೋಡುತ್ತ ನಿಂತಿದ್ದ.

ಮನೆಗೆ ಬಂದು ನೀಲಕಂಠರು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹೆಬ್ಬೆರಳು ತನ್ನಷ್ಟಕ್ಕೆ ತೋರುಬೆರಳನ್ನು ಸವರುತ್ತಿತ್ತು, ಕಾಣದ ಗುಳಿಗೆಯೊಂದನ್ನು ಉರುಳಿಸುತ್ತಿರುವಂತೆ. ಇಂದುಮತಿ ಎದುರಿಗೆ ಕೂತು ನೋಡಿದರು. ಆಮೇಲೆ ಒಂದೊಂದೇ ನೆನಪು ಹೊರಬಂತು. ಸಣ್ಣಗಾದ ಅಕ್ಷರ. ನಡೆಯುವಾಗ ಬೀಸದ ಎಡಗೈ. ಎರಡು ವರ್ಷದ ಹಿಂದೆ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೂ ವಾಸನೆಯೇ ತಿಳಿಯದೆ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದು. ಆ ದಿನ ತಾವು ಜಗಳ ಮಾಡಿದ್ದನ್ನು ನೆನೆದು ಇಂದುಮತಿ ಎದ್ದು ಒಲೆಯ ಕಡೆ ತಿರುಗಿ ನಿಂತರು.

ನರರೋಗದ ವೈದ್ಯೆ ಅವರಿಂದ ಹಾಳೆಯ ಮೇಲೆ ಬಸವನಹುಳದ ಚಿಪ್ಪಿನಂಥ ಸುರುಳಿ ಬರೆಯಿಸಿ, ನಡೆಸಿ, ಬೆರಳು ಬಡಿಯಿಸಿ ನೋಡಿ, ಇದು ಪಾರ್ಕಿನ್ಸನ್ ಕಾಯಿಲೆ ಎಂದು ಹೇಳಿದರು. ಶುರುವಾಗಿ ಮೂರು ವರ್ಷವಾದರೂ ಆಗಿರಬೇಕು. ಈಗ ಇದನ್ನು ಹೆಚ್ಚದಂತೆ ತಡೆಯುವ ಚುಚ್ಚುಮದ್ದು ಬಂದಿದೆ, ಆದರೆ ಮೊದಲ ಎರಡು ವರ್ಷದೊಳಗೆ ಕೊಟ್ಟರೆ ಮಾತ್ರ ಅದು ಹಿಡಿಯುತ್ತದೆ, ನಿಮಗೆ ಗುಳಿಗೆ ಮತ್ತು ವ್ಯಾಯಾಮವೇ ದಾರಿ ಎಂದರು. ಇಷ್ಟು ದಿನ ಕೈಯ ನಡುಕ ಗಮನಕ್ಕೆ ಬರಲಿಲ್ಲವೇ ಎಂದು ಕೇಳಿದರು. ದಿನಕ್ಕೆ ಎರಡು ಗಂಟೆ ಎರಡೂ ಕೈ ಸ್ಟಿಯರಿಂಗಿನ ಮೇಲೆ ಇದ್ದವು, ಆದರೂ ಕಾರು ನೆಟ್ಟಗೇ ಹೋಗುತ್ತಿತ್ತು ಎಂಬುದನ್ನು ನೀಲಕಂಠರು ಆಕೆಗೆ ಹೇಳಲು ಹೋಗಲಿಲ್ಲ.

ಅಲ್ಲಿಂದ ನೇರವಾಗಿ ಕಾರ್ಖಾನೆಗೆ ಹೋದರು, ಆಟೋದಲ್ಲಿ. ಚನ್ನವೀರ ಅವರನ್ನು ನೋಡಿದೊಡನೆ ಉಳಿದವರನ್ನು ಚಹಾಕ್ಕೆ ಕಳಿಸಿ ಬಾಗಿಲು ಹಾಕಿಕೊಂಡ. ನೀಲಕಂಠರು ವೈದ್ಯರ ಚೀಟಿಯನ್ನು ಮೇಜಿನ ಮೇಲೆ ಇಟ್ಟರು. ಅವನು ಅದನ್ನು ತೆರೆದು ನೋಡಲಿಲ್ಲ.

“ನಿನಗ ಇದು ಗೊತ್ತಿತ್ತು” ಎಂದರು.

ಚನ್ನವೀರ ಹೌದೆಂದು ತಲೆಯಾಡಿಸಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಮೊದಲ ಆವೃತ್ತಿಯಿಂದಲೂ ಕಾರಿನಲ್ಲಿ ಒಂದು ಸೋಸುಗ, ಅಂದರೆ ಫಿಲ್ಟರ್, ಇತ್ತು. ರಸ್ತೆಯ ಗುಂಡಿಗಳ ಅದುರು ಕೈಗೆ ತಟ್ಟಬಾರದೆಂದು ಮಾಡಿದ್ದು. ನಾಲ್ಕು ವರ್ಷದ ಹಿಂದೆ ಅವರಿಗೆ ತಿಳಿಯಿತು, ಕೆಲವು ಕಾರುಗಳಲ್ಲಿ ಅದುರು ಕೆಳಗಿನಿಂದ ಬರುತ್ತಿಲ್ಲ, ಮೇಲಿನಿಂದ ಬರುತ್ತಿದೆ. ಸೆಕೆಂಡಿಗೆ ಐದು ಸಲ, ಹಗಲಿರುಳೂ ಒಂದೇ ತಾಳ. ರಸ್ತೆ ಹಾಗೆ ನಡುಗುವುದಿಲ್ಲ, ಮನುಷ್ಯನ ಕೈ ನಡುಗುತ್ತದೆ. ಸೋಸುಗ ತಾನೇ ಕಲಿತು ಆ ನಡುಕವನ್ನೂ ನುಂಗತೊಡಗಿತ್ತು. ಅಂಥ ಕಾರುಗಳಿಗೆ ಇಲ್ಲಿ ಮೃದು ಪಟ್ಟಿ ಎಂದು ಹೆಸರಿಟ್ಟಿದ್ದರು. ಗೋಡೆಯ ಮೇಲೆ ಆಗ ಅವು ಹಳದಿ ಚುಕ್ಕೆಗಳು. ರಾಜ್ಯದಲ್ಲಿ ಸಾವಿರದ ಒಂಬೈನೂರು. ಜನರಿಗೆ ಹೇಳೋಣವೇ ಎಂಬ ಮಾತು ಬಂದಾಗ ಮೇಲಿನವರು, ನಾವು ಕಾರು ಮಾರುವವರು, ಆಸ್ಪತ್ರೆಯವರಲ್ಲ ಎಂದಿದ್ದರು. ಈ ವರ್ಷ ಹೊಸ ಕಾನೂನಿನ ಕರಡು ಬಂತು. ಚಾಲಕನ ದೇಹದ ಬಗ್ಗೆ ಕಾರಿಗೆ ಏನು ಗೊತ್ತಿದೆಯೋ ಅದಕ್ಕೆಲ್ಲ ಕಂಪನಿಯೇ ಹೊಣೆ. ವಕೀಲರು ಪಟ್ಟಿ ನೋಡಿ ಬೆವತರು. ಐದನೇ ಆವೃತ್ತಿ ಬಂದದ್ದು ಅದಕ್ಕೆ. ಸೋಸುಗವನ್ನು ಕಿತ್ತರು, ಪಟ್ಟಿಯನ್ನು ಅಳಿಸಿದರು. ಗೊತ್ತೇ ಇರಲಿಲ್ಲ ಎಂದು ಹೇಳಲು ದಾರಿಯಾಯಿತು.

“ಒಂದು ಪ್ರತಿನೂ ಉಳಿದಿಲ್ಲೇನು?” ಎಂದು ನೀಲಕಂಠರು ಕೇಳಿದರು.

“ಇಲ್ರಿ ಸರ್. ನಾನ ಅಳಿಸೀನಿ.”

ಗೋಡೆಯ ಮೇಲಿನ ಚುಕ್ಕೆಗಳೆಲ್ಲ ಹಸಿರಾಗಿದ್ದವು. ನೀಲಕಂಠರು ಅದನ್ನೇ ನೋಡುತ್ತಿದ್ದಾಗ ಚನ್ನವೀರ ಇನ್ನೊಂದು ಮಾತು ಹೇಳಿದ, ತಗ್ಗಿದ ದನಿಯಲ್ಲಿ.

“ನಿಮ್ಮ ಹೆಸರು ಪಟ್ಟಿಯೊಳಗ ಬಂದಾಗ ನನಗ ಏನ್ ಮಾಡಬೇಕು ತಿಳೀಲಿಲ್ರಿ. ಯುಗಾದಿಗೆ ಬಂದಾಗ ಹೇಳಬೇಕಂತ ಮಾಡ್ತಿದ್ದೆ, ಅವ್ವಾರು ಹೋಳಿಗಿ ಬಡಸತಿದ್ರು, ಬಾಯಿ ಬರತಿದ್ದಿಲ್ಲ. ನಿಮ್ಮ ಕಾರಿನ ಸೋಸುಗ ಅಷ್ಟ ನಾ ಕೈಯಾರೆ ಏರಿಸಿಕೋತ ಬಂದೆ. ಆರು ತಿಂಗಳಿಗೊಮ್ಮೆ. ನಿಮಗ ತ್ರಾಸ ಆಗಬಾರದಂತ.”

ನೀಲಕಂಠರಿಗೆ ಸಿಟ್ಟು ಬರುತ್ತದೆಂದು ಇಬ್ಬರೂ ಕಾದರು. ಕಂಪನಿಯ ಮೇಲೆ ಬಂದ ಸಿಟ್ಟು ಇವನ ಮೇಲೆ ಬರಲಿಲ್ಲ. ಬಂದದ್ದು ಅದಕ್ಕಿಂತ ಕೆಟ್ಟದ್ದು. ಮೂರು ವರ್ಷ ದಿನಕ್ಕೆ ಎರಡು ಗಂಟೆ ಈ ಹುಡುಗ ತಮ್ಮ ಕೈಯ ಮೇಲೆ ಕೈ ಇಟ್ಟು ಕೂತಿದ್ದ, ಪ್ರೀತಿಯಿಂದಲೇ, ಮತ್ತು ಬಾಯಿ ಬಿಡಲಿಲ್ಲ.

“ಎರಡು ವರ್ಷದೊಳಗ ಹೇಳಿದ್ರ ಔಷಧ ಇತ್ತು, ಚನ್ನವೀರ” ಎಂದಷ್ಟೇ ಹೇಳಿ ಎದ್ದರು. ಅವನು ಕಾಲಿಗೆ ಬಗ್ಗಿದ. ಅವರು ಕಾಲು ಹಿಂದೆ ತೆಗೆದುಕೊಂಡರು.

ಶುಕ್ರವಾರ ಕಂಪನಿಯ ಪ್ರಕಟಣೆ ಬಂತು. ಗ್ರಾಹಕರ ದೂರಿಗೆ ಸ್ಪಂದಿಸಿ, ಚಾಲನೆಯನ್ನು ಮೊದಲಿನಂತೆ ಮೃದುಗೊಳಿಸುವ ಸಣ್ಣ ತಿದ್ದುಪಡಿಯನ್ನು ಕಳಿಸುತ್ತಿದ್ದೇವೆ, ಈ ಸಲ ಯಾವ ದಾಖಲೆಯನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಅದರಲ್ಲಿ ಇತ್ತು. ಮಾಲೀಕರ ಸಂಘದಲ್ಲಿ ಪೇಡೆ ಹಂಚಿದರು. ಕೊಠಾರಿಯವರ ಅಂಗಡಿಯ ಮಹಡಿಯಲ್ಲಿ ಸಭೆ ಸೇರಿದಾಗ ನೀಲಕಂಠರು ಎದ್ದು ನಿಂತು, ದಯವಿಟ್ಟು ಅದನ್ನು ಹಾಕಿಕೊಳ್ಳಬೇಡಿ, ಮೊದಲು ವೈದ್ಯರಿಗೆ ಕೈ ತೋರಿಸಿ, ಕೆಲವರಿಗೆ ಔಷಧದ ಕಾಲ ಇನ್ನೂ ಮೀರಿಲ್ಲ ಎಂದು ಕೇಳಿಕೊಂಡರು. ರಾಜ್ಯದ ಉಳಿದ ಸಾವಿರದೆಂಟುನೂರಕ್ಕೂ ಹೆಚ್ಚು ಮಂದಿಗೆ ಈ ಸುದ್ದಿ ಮುಟ್ಟಿಸಬೇಕು, ತಿದ್ದುಪಡಿ ಬಂದರೆ ಅವರು ಯಾರೆಂದು ಯಾರಿಗೂ ಎಂದೂ ತಿಳಿಯುವುದಿಲ್ಲ ಎಂದರು.

ಸಭೆ ಅವರ ಮಾತನ್ನು ಕೇಳಿಸಿಕೊಂಡಿತು, ಅಷ್ಟೆ. ಕೊಠಾರಿಯವರು, ಎಲ್ಲರ ಕೈಯೂ ನಿಮ್ಮ ಕೈಯಂತಲ್ಲ, ಹುಯಿಲಗೋಳ ಮಾಸ್ತರರು ಸುಮ್ಮನೆ ಜನರನ್ನು ಹೆದರಿಸಬಾರದು ಎಂದರು. ಬ್ಯಾಂಕಿನ ಹೆಣ್ಣುಮಗಳು, ಹೆಸರು ಸರೋಜಿನಿ, ಎದ್ದು ನಿಂತಳು.

“ಕಾರು ನಡುಗತೈತಿ ಅಂದ್ರ ರಿಪೇರಿ ಆಗತಿತ್ತು. ನೀವು ಆ ನೀರಿನ ಡಬ್ಬಿ ಕಟ್ಟಿ ನನ್ನ ಕೈ ನಡುಗತಾವಂತ ತೋರಿಸಿದ್ರಿ. ನಾ ನಿಮ್ಮನ್ನ ಕೇಳಿದ್ನೇನ್ರಿ?”

ಮೂವತ್ತೊಂದರಲ್ಲಿ ಇಪ್ಪತ್ತೆರಡು ಮಂದಿ ಅಂದೇ ತಿದ್ದುಪಡಿ ಹಾಕಿಕೊಂಡರು. ಟಿವಿಯವರು ಮೈದಾನದ ಚಿತ್ರ ಹಾಕಲೇ ಇಲ್ಲ. ನೀಲಕಂಠರು ಎರಡು ದಿನ ಕೂತು, ತಮ್ಮ ಮಾತು ಕೇಳಿ ಕಾರು ಕೊಂಡ ಒಬ್ಬೊಬ್ಬರಿಗೂ ಫೋನ್ ಮಾಡಿದರು. ಇಂದುಮತಿ ಪಕ್ಕದಲ್ಲಿ ಕೂತು ನಂಬರು ಹುಡುಕಿಕೊಟ್ಟರು. ಪತ್ರಿಕೆಗಳಿಗೂ, ಬೇರೆ ಊರಿನ ಸಂಘಗಳಿಗೂ ಪತ್ರಗಳನ್ನು ಇಂದುಮತಿಯೇ ಬರೆದರು; ನೀಲಕಂಠರ ಅಕ್ಷರ ಈಗ ಯಾರಿಗೂ ಓದಲಾಗುತ್ತಿರಲಿಲ್ಲ. ಕೆಲವರು ಉಪಕಾರ ನೆನೆದರು. ಕೆಲವರು ನಿಮ್ಮ ಮಾತು ಕೇಳಿ ಒಮ್ಮೆ ಕೆಟ್ಟದ್ದು ಸಾಕು ಎಂದು ಫೋನ್ ಇಟ್ಟರು. ರಾಜೇಸಾಬ ಫೋನ್ ಎತ್ತಲಿಲ್ಲ.

ಅವನ ಮನೆಗೇ ಹೋದರು. ಸಂಜೆಯ ಹೊತ್ತು. ಕಾರು ಬಾಗಿಲಲ್ಲಿ ಚಾರ್ಜಿಗೆ ಹಚ್ಚಿತ್ತು. ರಾಜೇಸಾಬ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ತರಿಸಿ, ತಿದ್ದುಪಡಿ ಹಾಕಿಕೊಂಡಿದ್ದೇನೆ ಎಂದು ತಾನೇ ಹೇಳಿದ. ಅವನ ನಡುಕ ಶುರುವಾಗಿ ಹೆಚ್ಚು ದಿನ ಆಗಿರಲಿಕ್ಕಿಲ್ಲ, ಚುಚ್ಚುಮದ್ದು ಹಿಡಿಯಬಹುದು ಎಂದು ನೀಲಕಂಠರು ಹೇಳಿದ್ದನ್ನು ಕೇಳಿ, ಮಳೆಗಾಲ ಮುಗಿಯಲಿ, ನೋಡೋಣ ಎಂದ. ಆಸ್ಪತ್ರೆಯ ಚೀಟಿ ಒಮ್ಮೆ ಕೈಗೆ ಬಂತೆಂದರೆ ಲೈಸೆನ್ಸ್ ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಕಾರು ನನಗ ಹೇಳದ ಮುಚ್ಚಿಟ್ಟಿದ್ದು ಮೋಸ, ಒಪ್ಪತೀನ್ರಿ” ಎಂದ ರಾಜೇಸಾಬ. “ಈಗ ಎಲ್ಲಾ ಗೊತ್ತಿದ್ದು ನಾನ ಹಾಕ್ಕೊಂಡೀನಿ. ಕಾರು ನೆಟ್ಟಗ ಹೋಗತೈತಿ. ಇದು ಯಾರಿಗೆ ಮೋಸ ಆತು?”

“ಹುಡುಗ್ರ ಮನ್ಯಾಗ ಹೇಳೀರೇನು?”

ರಾಜೇಸಾಬ ಕಾರಿನ ಕಡೆ ನೋಡಿದ.

“ನಾಳೆ ಅವರು ಇನ್ನೊಂದು ಆವೃತ್ತಿ ಕಳಿಸಿ ಮತ್ತ ಅದನ್ನ ಕಿತ್ತರ? ಹುಡುಗ್ರು ಒಳಗಿದ್ದಾಗ ಕಿತ್ತರ?” ಎಂದರು ನೀಲಕಂಠರು. “ಹೋದ ಸಲ ನಮ್ಮನ್ನ ಕೇಳಿ ಕಿತ್ತಾರೇನು?”

ಕೊನೆಗೆ ಅವನು, ನಾನೇ ಹೇಳುತ್ತೇನೆ, ನೀವು ನಡುವೆ ಬರಬೇಡಿ ಎಂದು ಮಾತು ಕೊಟ್ಟ.

ಎರಡು ದಿನ ಬಿಟ್ಟು ಗುರುವಾರ ಬೆಳಿಗ್ಗೆ ನೀಲಕಂಠರು ವಿದ್ಯಾನಗರದ ಒಂದು ಮೂಲೆಯಲ್ಲಿ ನಿಂತಿದ್ದರು. ಹಂಸ ಬಂತು. ಒಳಗೆ ಐದು ಮಕ್ಕಳು. ಆರನೆಯದು, ಎರಡು ಜಡೆಯ ಹುಡುಗಿ, ತಾಯಿಯ ಕೈ ಬಿಟ್ಟು ಓಡಿ ಹತ್ತಿತು. ರಾಜೇಸಾಬ ನೀಲಕಂಠರನ್ನು ನೋಡಿದ, ನೋಡಿಲ್ಲವೆಂಬಂತೆ ಮುಂದೆ ದೃಷ್ಟಿ ಇಟ್ಟು ಹೊರಟ. ಕಾರು ನೀರಿನ ಮೇಲಿನ ಹಂಸದಂತೆಯೇ ಹೋಯಿತು. ನೀಲಕಂಠರು ಆ ತಾಯಿಯನ್ನು, ರಾಜೇಸಾಬ ನಿಮಗೆ ಏನಾದರೂ ಹೇಳಿದ್ದಾನೆಯೇ ಎಂದು ಕೇಳಿದರು. ಆಕೆ ಇಲ್ಲವಲ್ಲ ಎಂದಳು, ಶನಿವಾರ ರಜೆಯೇ ಎಂದು ಕೇಳಿದಳು.

ಅಲ್ಲಿ ನಿಂತ ಅರೆಗಳಿಗೆಯಲ್ಲಿ ಅವರಿಗೆ ಚನ್ನವೀರ ಅರ್ಥವಾದ. ಇವತ್ತು ಬೇಡ, ನಾಳೆ ಹೇಳೋಣ ಎನ್ನುವುದು ಎಷ್ಟು ಸುಲಭ, ಎಷ್ಟು ಒಳ್ಳೆಯ ಮನಸ್ಸಿನ ಕೆಲಸ ಎಂದೂ ಅನ್ನಿಸುತ್ತದೆ. ರಾಜೇಸಾಬನ ಮೂರು ಹೆಣ್ಣುಮಕ್ಕಳಲ್ಲಿ ಒಬ್ಬಳು ಈ ವರ್ಷ ನರ್ಸಿಂಗ್ ಸೇರಿದ್ದಳು. ಅವರು ಅದನ್ನೂ ನೆನೆದರು. ಆಮೇಲೆ ಆ ತಾಯಿಗೆ ಎಲ್ಲವನ್ನೂ ಹೇಳಿದರು. ಆಕೆ ಕೇಳುತ್ತ ಕೇಳುತ್ತ ಕಾರು ಹೋದ ದಾರಿಯ ಕಡೆ ತಿರುಗಿದಳು, ಮಾತು ಮುಗಿಯುವ ಮುನ್ನವೇ ಫೋನ್ ತೆಗೆದಳು. ಸಂಜೆಯ ಹೊತ್ತಿಗೆ ಆರೂ ಮನೆಗಳಿಗೆ ಸುದ್ದಿ ಮುಟ್ಟಿತ್ತು.

ಮರುದಿನ ಸಂಜೆ ರಾಜೇಸಾಬ ಅವರ ಮನೆಗೆ ಬಂದ. ನಡೆದುಕೊಂಡು ಬಂದಿದ್ದ. ಇಂದುಮತಿ ಒಳಗೆ ಕರೆದರೂ ಹೊಸ್ತಿಲು ದಾಟಲಿಲ್ಲ.

“ನಿಮ್ಮ ಮಾತ ನಂಬಿ ನಾ ಆಟೋ ಮಾರಿ ಕಾರ ತಗೊಂಡೆ” ಎಂದ. “ಈಗ ನಿಮ್ಮ ಮಾತ ನಂಬಿ ಆರೂ ಮನಿಯವರು ಹುಡುಗ್ರನ್ನ ಇಳಿಸಿಕೊಂಡ್ರು. ಮೂರು ವರ್ಷ ಅವರ ಹುಡುಗ್ರನ್ನ ಒಂದು ದಿನ ತಡ ಮಾಡದ ಮುಟ್ಟಿಸೀನ್ರಿ. ಒಬ್ಬರೂ ನನ್ನ ಒಂದು ಮಾತ ಕೇಳಲಿಲ್ಲ.”

ತಪ್ಪಾಯಿತು ಎಂದರೆ ಸುಳ್ಳಾಗುತ್ತಿತ್ತು, ಸರಿಯಾಯಿತು ಎನ್ನಲು ನೀಲಕಂಠರಿಗೆ ಬಾಯಿ ಬರಲಿಲ್ಲ. ರಾಜೇಸಾಬ ಹೋಗಲು ತಿರುಗಿ, ಗೇಟಿನ ಬಳಿ ನಿಂತ.

“ಆ ಡಾಕ್ಟರ್ ಬಾಯಾರು ಎಷ್ಟೊತ್ತಿಗೆ ಬರತಾರ್ರಿ?” ಎಂದು ಬೆನ್ನು ತೋರಿಸಿಕೊಂಡೇ ಕೇಳಿದ.

ಹತ್ತಕ್ಕೆ ಎಂದರು ನೀಲಕಂಠರು.

ಶನಿವಾರ ಒಂಬತ್ತಕ್ಕೆ ಇಬ್ಬರೂ ಒಂದೇ ನಿಲ್ದಾಣದಲ್ಲಿ ಸಿಟಿ ಬಸ್ಸು ಹತ್ತಿದರು. ನೀಲಕಂಠರು ಪಕ್ಕದಲ್ಲಿ ಜಾಗ ಬಿಟ್ಟು ಕೂತರು. ರಾಜೇಸಾಬ ಅದನ್ನು ದಾಟಿ ಎರಡು ಸೀಟು ಮುಂದೆ ಹೋಗಿ ಕೂತ, ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು. ಇಡೀ ದಾರಿ ತಿರುಗಿ ನೋಡಲಿಲ್ಲ. ಆಸ್ಪತ್ರೆಯ ಸ್ಟಾಪ್ ಬಂದಾಗ ಮೊದಲು ಇಳಿದು ನಾಲ್ಕು ಹೆಜ್ಜೆ ನಡೆದ. ನೀಲಕಂಠರ ಎಡಗಾಲು ಮೆಟ್ಟಿಲ ಮೇಲೆ ಬಿಗಿದು ನಿಂತಿತ್ತು. ಹಿಂದಿನವರು ನೂಕುತ್ತಿದ್ದರು, ಕಂಡಕ್ಟರ್ ಸೀಟಿ ಊದಿದ. ರಾಜೇಸಾಬ ವಾಪಸು ಬಂದು ಬಾಗಿಲಲ್ಲಿ ನಿಂತು ಕೈ ಚಾಚಿದ. ನಡುಗುವ ಕೈಯನ್ನು ನಡುಗುವ ಕೈ ಹಿಡಿಯಿತು. ಅವರ ಪಾದ ನೆಲ ಮುಟ್ಟುವವರೆಗೆ ಅವನು ಹಿಡಿದುಕೊಂಡಿದ್ದ. ಆಮೇಲೆ ಬಿಟ್ಟು, ಮುಂದೆ ನಡೆದ.